‘ಬ್ರಿಟಿಷ್ ಕಾಲದ ಬೀಟೆ’ ಎಂಬ ಮಾತನ್ನು ನಂಬುವ ಮುನ್ನ

ನಮ್ಮ ಬಳಗದ ಒಬ್ಬರ ಮನೆಯಲ್ಲಿ ಮಗು ಹುಟ್ಟುವುದಿತ್ತು. ಹೊಸ ತೊಟ್ಟಿಲು ಬೇಡ, ಹಳೆಯ ಕಾಲದ್ದೇ ಒಂದು ಸಿಕ್ಕರೆ ಚೆನ್ನ ಎಂದು ಅವರ ಆಸೆ. ಹಾಗಾಗಿ ಒಂದು ಶನಿವಾರ ನಾವೆಲ್ಲ ಬೆಂಗಳೂರಿನ ಶಿವಾಜಿನಗರದ ಕಡೆ ಹೊರಟೆವು. ರಸೆಲ್ ಮಾರುಕಟ್ಟೆಯ ಆಸುಪಾಸಿನ ಗಲ್ಲಿಗಳಲ್ಲಿ ಹಳೆಯ ಸಾಮಾನಿನ ವ್ಯಾಪಾರ ಬಹಳ ಕಾಲದಿಂದ ನಡೆದುಬಂದಿದೆ. ಒಡೆದ ಬಂಗಲೆಗಳ ಬಾಗಿಲು, ಬೆತ್ತ ಹರಿದ ಆರಾಮ ಕುರ್ಚಿ, ಮಸುಕಾದ ಕನ್ನಡಿ, ಹಿತ್ತಾಳೆ ಕೊಳವೆಯ ಗ್ರಾಮಫೋನು ಎಲ್ಲ ಒಂದರ ಮೇಲೊಂದು ಕೂತಿರುತ್ತವೆ.

ನಮಗೆ ಒಂದು ಹಸಿರು ಬಣ್ಣದ ತೊಟ್ಟಿಲು ಕಣ್ಣಿಗೆ ಬಿತ್ತು. ಅಂಗಡಿಯವರು ಒಂದೇ ಉಸಿರಿನಲ್ಲಿ ಹೇಳಿದರು: ‘ಬ್ರಿಟಿಷ್ ಕಾಲದ್ದು ಸಾರ್, ಪೂರ್ತಿ ಬೀಟೆ. ನೂರಿಪ್ಪತ್ತು ವರ್ಷ ಆಗಿದೆ, ಇನ್ನೂ ನೂರು ವರ್ಷ ಏನೂ ಆಗಲ್ಲ. ಈಗಿನ ಸಾಮಾನಿನ ಥರ ಅಲ್ಲ.’

ಈ ಎರಡು ಸಾಲಿನಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. ಇದಕ್ಕೆ ಇಷ್ಟು ವಯಸ್ಸು, ಇದು ಇಂಥ ಮರ, ಹಳೆಯದಾದ್ದರಿಂದ ಇದು ಗಟ್ಟಿ ಮತ್ತು ಒಳ್ಳೆಯದು. ಈ ಮೂರಕ್ಕೂ ಅಂಗಡಿಯವರ ಬಾಯಿಮಾತೇ ಸಾಕ್ಷಿಯಾಗಬೇಕಿಲ್ಲ. ಮರ, ಮೊಳೆ, ಗಾಜು, ಬಣ್ಣಗಳನ್ನು ನೋಡಿಯೇ ಸಾಕಷ್ಟು ತಿಳಿಯಬಹುದು.

ಹಳೆಯದೆಲ್ಲ ಗಟ್ಟಿಯೇ?

‘ಆಗಿನ ಕಾಲದ ಸಾಮಾನು ನೋಡಿ, ಇವತ್ತಿಗೂ ಹೇಗಿದೆ’ ಎಂದು ಎಲ್ಲರೂ ಹೇಳುತ್ತಾರೆ. ಕಣ್ಣೆದುರು ಇರುವುದೇನೋ ನಿಜ. ಆದರೆ ಕಣ್ಣೆದುರು ಇಲ್ಲದ್ದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೂರು ವರ್ಷದ ಹಿಂದೆಯೂ ಮಾವಿನ ಹಲಗೆಯ ಅಗ್ಗದ ಮಂಚ, ಕಾಲು ಅಲ್ಲಾಡುವ ಬೆಂಚು, ಬೇಗನೆ ಹುಳು ಹಿಡಿಯುವ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಅವೆಲ್ಲ ಎಂದೋ ಒಲೆಗೆ ಹೋದವು. ಉಳಿದು ನಮ್ಮವರೆಗೆ ಬಂದವು ಒಳ್ಳೆಯ ಮರದವು, ಚೆನ್ನಾಗಿ ಕೂಡಿಸಿದವು, ಜೊತೆಗೆ ಅನುಕೂಲಸ್ಥರ ಮನೆಯಲ್ಲಿ ಮಳೆ ಬಿಸಿಲಿಗೆ ಸಿಗದೆ ಇದ್ದವು. ಬದುಕಿ ಉಳಿದವರನ್ನಷ್ಟೇ ಎಣಿಸಿ ಇಡೀ ಊರಿನ ಆರೋಗ್ಯ ಹೇಳಿದ ಹಾಗೆ ಇದು. ಸಂಖ್ಯಾಶಾಸ್ತ್ರಜ್ಞರು ಇದನ್ನು ಉಳಿದವರ ಪಕ್ಷಪಾತ ಎನ್ನುತ್ತಾರೆ.

ಹಾಗೆಂದು ಮಾತು ಪೂರ್ತಿ ಸುಳ್ಳಲ್ಲ. ತೇಗವನ್ನೇ ತೆಗೆದುಕೊಳ್ಳಿ. ಅದಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕದಿರಲು ಕಾರಣ ಮರದ ಒಳಗಿನ ಚೇಗಿನಲ್ಲಿರುವ ಕ್ವಿನೋನ್ ಬಗೆಯ ರಾಸಾಯನಿಕಗಳು. ಹೊರಗಿನ ಬಿಳಿ ಭಾಗದಲ್ಲಿ ಅವು ಇಲ್ಲ. ವಯಸ್ಸಾದ ದಪ್ಪ ಮರದಲ್ಲಿ ಚೇಗು ಹೆಚ್ಚು, ನೆಡುತೋಪಿನಲ್ಲಿ ಬೇಗ ಕಡಿದ ಎಳೆಯ ತೇಗದಲ್ಲಿ ಬಿಳಿ ಭಾಗವೇ ಹೆಚ್ಚು. ಆದ್ದರಿಂದ ಹಳೆಯ ತೇಗದ ಮೇಜು ಇಂದಿನ ಅಗ್ಗದ ತೇಗದ ಮೇಜಿಗಿಂತ ಬಾಳಿಕೆ ಬರುವುದುಂಟು. ಇಲ್ಲಿ ಕೆಲಸ ಮಾಡುವುದು ಚೇಗು, ಹಳೆತನವಲ್ಲ. ‘ತೇಗಕ್ಕೆ ಹುಳು ಹಿಡಿಯಲ್ಲ’ ಎಂಬ ಮಾತು ತೇಗದ ಬಿಳಿ ಭಾಗಕ್ಕೆ ಅನ್ವಯಿಸುವುದೇ ಇಲ್ಲ.

ಹಳೆಯದರ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇಂದಿನ ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಅಗ್ಗದ ಪ್ಲೈವುಡ್‌ಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತದೆ. ಹೊಸ ವಾರ್ಡ್‌ರೋಬ್ ತೆರೆದಾಗ ಕಣ್ಣು ಉರಿಯುವುದು ಹಲವು ಸಲ ಇದರಿಂದಲೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಇಡಿಯ ಮರದ ಹಳೆಯ ಬೀರುವಿಗೆ ಈ ಅಂಟಿನ ತೊಂದರೆ ಇಲ್ಲ.

ವಯಸ್ಸನ್ನು ಯಾರು ಹೇಳಬೇಕು?

ನಾವು ತೊಟ್ಟಿಲನ್ನು ತಲೆಕೆಳಗು ಮಾಡಿ ನೋಡಿದೆವು. ಹಳೆಯ ಸಾಮಾನು ನೋಡಲು ಹೋದವರು ಮೊದಲು ಮಾಡಬೇಕಾದ್ದು ಇದೇ. ಮುಖಕ್ಕೆ ಎಲ್ಲರೂ ಪಾಲಿಶ್ ಹಾಕುತ್ತಾರೆ, ತಳಕ್ಕೆ ಯಾರೂ ಹಾಕುವುದಿಲ್ಲ.

ತಳದಲ್ಲಿ ಪ್ಲಸ್ ಗುರುತಿನ ಸ್ಕ್ರೂಗಳಿದ್ದವು. ಫಿಲಿಪ್ಸ್ ಹೆಸರಿನ ಈ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದ ಕಾರು ಕಾರ್ಖಾನೆಗಳಲ್ಲಿ. ನೂರಿಪ್ಪತ್ತು ವರ್ಷದ ತೊಟ್ಟಿಲಿನಲ್ಲಿ ಅದು ಹುಟ್ಟಿನಿಂದಲೇ ಇರಲು ಸಾಧ್ಯವಿಲ್ಲ. ಆಮೇಲೆ ರಿಪೇರಿ ಮಾಡಿದಾಗ ಹಾಕಿರಬಹುದಲ್ಲ? ಹೌದು, ಹಾಕಿರಬಹುದು. ಆಗ ಹಳೆಯ ಮೊಳೆಯ ತೂತು, ತುಕ್ಕಿನ ಕಲೆ ಎಲ್ಲಾದರೂ ಪಕ್ಕದಲ್ಲಿ ಕಾಣಬೇಕು. ನಮ್ಮ ತೊಟ್ಟಿಲಿನಲ್ಲಿ ಕಾಣಲಿಲ್ಲ. ಇದೇ ತರ್ಕ ಬೀರುವಿನ ಹಿಂಬದಿ ಹಲಗೆಗೂ ಸಲ್ಲುತ್ತದೆ. ಎಂಡಿಎಫ್ ವಾಣಿಜ್ಯ ಉತ್ಪಾದನೆ ಶುರುವಾದದ್ದು 1960ರ ದಶಕದಲ್ಲಿ. ‘ಮಹಾರಾಜರ ಕಾಲದ’ ಬೀರುವಿಗೆ ಎಂಡಿಎಫ್ ಬೆನ್ನು ಇದ್ದರೆ, ಒಂದೋ ಬೆನ್ನು ಬದಲಾಗಿದೆ, ಇಲ್ಲವೇ ಮಹಾರಾಜರು ಬದಲಾಗಿದ್ದಾರೆ.

ನಮಗೆ ಅತ್ಯಂತ ಇಷ್ಟವಾದ ಪರೀಕ್ಷೆ ದುಂಡು ಮೇಜಿನದು. ಮರ ಒಣಗಿದಂತೆ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಗಳ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಎಳೆಗಳಿಗೆ ಅಡ್ಡಲಾಗಿ ಕುಗ್ಗುವುದು ಅದಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ ಇಡಿಯ ಮರದ ದುಂಡು ಮೇಜು ದಶಕಗಳು ಕಳೆದಂತೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಟೇಪಿಗೆ ಗೊತ್ತಾಗುತ್ತದೆ. ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದಾಗ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೆ ವಯಸ್ಸಿನ ಮಾತಿಗೆ ಬಲ ಬಂತು. ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಅನುಮಾನ ಪಡಬಹುದು. ಪ್ಲೈವುಡ್‌ನಲ್ಲಿ ಪದರಗಳು ಅಡ್ಡ-ಉದ್ದವಾಗಿ ಕೂತಿರುವುದರಿಂದ ಅದು ಹೀಗೆ ಬದಲಾಗುವುದಿಲ್ಲ.

ಸವೆತವನ್ನೂ ನೋಡಿ. ಕುರ್ಚಿಯ ಕೈ ಸವೆಯುವುದು ಅಂಗೈ ಊರುವ ಮುಂಭಾಗದಲ್ಲಿ. ಡ್ರಾಯರ್ ಸವೆಯುವುದು ಉಜ್ಜುವ ಕೆಳ ಅಂಚಿನಲ್ಲಿ. ಎಲ್ಲ ಕಡೆ ಒಂದೇ ಹದದಲ್ಲಿ ಗೀರು, ಒಂದೇ ಹದದಲ್ಲಿ ಕಪ್ಪು ಇದ್ದರೆ ಅದು ಕಾಲದ ಕೆಲಸವಲ್ಲ, ಯಾರದೋ ಒಂದು ಮಧ್ಯಾಹ್ನದ ಕೆಲಸ. ಹಳೆಯದೆಂದು ತೋರಿಸಲು ಸರಪಳಿಯಲ್ಲಿ ಹೊಡೆಯುವುದು, ಡ್ರಿಲ್ಲಿನಿಂದ ‘ಹುಳುವಿನ ತೂತು’ ಮಾಡುವುದು ಲೋಕದ ಎಲ್ಲ ಕಡೆಯೂ ಇದೆ. ಹುಳು ನೆಟ್ಟಗೆ ಕೊರೆಯುವುದಿಲ್ಲ, ಒಳಗೆ ಅಂಕುಡೊಂಕಾಗಿ ಹೋಗುತ್ತದೆ. ತೂತಿಗೆ ಹಾಕಿದ ಸೂಜಿ ಅಡೆತಡೆಯಿಲ್ಲದೆ ನೆಟ್ಟಗೆ ಆಳಕ್ಕೆ ಇಳಿದರೆ ಕೊರೆದದ್ದು ಹುಳುವಲ್ಲ.

ಇನ್ನು ಕನ್ನಡಿ. ನಮ್ಮಲ್ಲಿ ಹಳೆಯ ಕನ್ನಡಿಗಳೆಲ್ಲ ‘ಬೆಲ್ಜಿಯಂ ಕನ್ನಡಿ’ಗಳೇ, ಅವು ಎಲ್ಲಿಂದ ಬಂದಿದ್ದರೂ ಸರಿ. ಅದರ ಜೊತೆಗೊಂದು ಕತೆಯೂ ಬರುತ್ತದೆ: ‘ಗಾಜು ದ್ರವ ಸಾರ್, ನೂರು ವರ್ಷದಲ್ಲಿ ಕೆಳಗಿಳಿಯುತ್ತೆ. ಅದಕ್ಕೇ ಕೆಳಗೆ ದಪ್ಪ, ಅದಕ್ಕೇ ಮುಖ ಅಲೆಅಲೆಯಾಗಿ ಕಾಣೋದು.’ ಇದನ್ನು ಶಾಲೆಯಲ್ಲಿ ಕೇಳಿದವರೂ ಇದ್ದಾರೆ. ಇದು ತಪ್ಪು. ಮನೆಯೊಳಗಿನ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು ಎಂದು ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಜನೊಟ್ಟೊ 1998ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಳೆಯ ಗಾಜು ಅಲೆಅಲೆಯಾಗಿರುವುದು ಅದನ್ನು ಊದಿ, ಚಪ್ಪಟೆ ಮಾಡಿ ತಯಾರಿಸುತ್ತಿದ್ದುದರಿಂದ, ಅಂದರೆ ಹುಟ್ಟಿದ ದಿನದಿಂದಲೇ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಪಾಟು ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ಹಾಗಾಗಿ ಅಲೆ ಇದ್ದರೆ ಗಾಜು ಬಹುಶಃ ಆ ಕಾಲಕ್ಕಿಂತ ಹಳೆಯದು ಎನ್ನಬಹುದು. ಅಂಗಡಿಯವರ ತೀರ್ಮಾನ ಸರಿ, ಕಾರಣ ತಪ್ಪು!

ಗ್ರಾಮಫೋನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಳೆಯುವ ಹಿತ್ತಾಳೆ ಕೊಳವೆ, ನಾಯಿಯ ಚಿತ್ರದ ಫಲಕ, ಹೊಸ ಮರದ ಪೆಟ್ಟಿಗೆ, ಒಳಗೆ ಯಾವುದೋ ಹಳೆಯ ಯಂತ್ರ. ಇಂಥವನ್ನು ಪ್ರವಾಸಿಗರಿಗೆಂದೇ ನಮ್ಮ ದೇಶದಲ್ಲಿ ಜೋಡಿಸುತ್ತಾರೆ. ಅಲಂಕಾರಕ್ಕೆ ಬೇಕಿದ್ದರೆ ತೆಗೆದುಕೊಳ್ಳಿ, ಅಲಂಕಾರದ ಬೆಲೆಗೆ.

ಬೀಟೆಯೋ, ಹಲಸೋ?

ಬೀಟೆ ನಮ್ಮ ಪಶ್ಚಿಮಘಟ್ಟದ ಮರ. ತೂಕ ಹೆಚ್ಚು, ನೇರಳೆ ಕಂದು ಬಣ್ಣದ ಮೈಮೇಲೆ ಕಪ್ಪು ಗೆರೆಗಳು. ಇಂದು ಹೊಸದಾಗಿ ಸಿಗುವುದು ಕಷ್ಟವಾದ್ದರಿಂದ ಹಳೆಯ ಸಾಮಾನಿನಲ್ಲಿ ಅದಕ್ಕೆ ಎಲ್ಲಕ್ಕಿಂತ ಬೆಲೆ. ಬೆಲೆ ಇರುವ ಕಡೆ ನಕಲೂ ಇರುತ್ತದೆ. ಕಪ್ಪು ಬಣ್ಣ ಬೆರೆಸಿದ ಪಾಲಿಶ್ ಒಂದು ಕೋಟು ಹಾಕಿದರೆ ಯಾವ ಮರವೂ ದೂರದಿಂದ ಬೀಟೆಯೇ. ತಳದಲ್ಲಿ, ಡ್ರಾಯರ್‌ನ ಒಳಗೆ ಪಾಲಿಶ್ ಇಲ್ಲದ ಜಾಗ ಹುಡುಕಿ. ಅಲ್ಲಿ ಮರ ಹಳದಿಯಾಗಿದ್ದರೆ ಅದು ಬೀಟೆ ಅಲ್ಲ. ಹಲಸು ಕಡಿದಾಗ ಹಳದಿ, ಗಾಳಿ ಬೆಳಕಿಗೆ ವರ್ಷಗಳು ಕಳೆದಂತೆ ಕೆಂಪು ಕಂದಾಗುತ್ತದೆ. ಹಾಗಾಗಿ ಹಳೆಯ ಹಲಸು ಬೀಟೆಯ ಹೆಸರಿನಲ್ಲಿ ಮಾರಾಟವಾಗುವುದು ಸುಲಭ. ಹಲಸು ಕಳಪೆ ಮರವೇನೂ ಅಲ್ಲ, ವೀಣೆಗೇ ಬಳಸುವ ಮರ. ಬೆಲೆ ಮಾತ್ರ ಬೀಟೆಯದಾಗಬಾರದು.

ತೂಕವೂ ಸುಳಿವು ಕೊಡುತ್ತದೆ. ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ ಬೀಟೆ 800 ಕಿಲೋ ದಾಟುತ್ತದೆ. ಒಂದೇ ಅಳತೆಯ ಎರಡು ಕುರ್ಚಿ ಎತ್ತಿ ನೋಡಿದರೆ ಕೈಗೇ ಗೊತ್ತಾಗುತ್ತದೆ. ಪಾಲಿಶ್ ಬಗ್ಗೆ ಅನುಮಾನವಿದ್ದರೆ, ಮಾಲೀಕರನ್ನು ಕೇಳಿ ಮರೆಯ ಜಾಗದಲ್ಲಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಉಜ್ಜಿ. ಹಿಂದೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡುತ್ತಿದ್ದರು, ಅದು ಮತ್ತೆ ಸ್ಪಿರಿಟ್ ತಾಗಿದರೆ ಅಂಟಂಟಾಗುತ್ತದೆ. ಇಂದಿನ ಮೆಲಮೈನ್, ಪಾಲಿಯುರಿಥೇನ್ ಜಗ್ಗುವುದಿಲ್ಲ. ಅರಗಿನ ಪಾಲಿಶ್ ಇದ್ದ ಮಾತ್ರಕ್ಕೆ ಹಳೆಯದೆಂದು ಖಾತ್ರಿಯಲ್ಲ. ಇಂದಿಗೂ ಅದನ್ನು ಹಾಕುವವರಿದ್ದಾರೆ.

ಹಿಟ್ಟೋ, ಗಸಗಸೆಯೋ?

ಕುರ್ಚಿ ಎತ್ತಿದಾಗ ಕೆಳಗೆ ಪುಡಿ ಬಿದ್ದಿದ್ದರೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ಮೈದಾ ಹಿಟ್ಟಿನ ಹಾಗೆ ನುಣ್ಣಗಿದ್ದು, ಮರದಲ್ಲಿ ಒಂದೆರಡು ಮಿಲಿಮೀಟರ್ ಅಗಲದ ದುಂಡು ತೂತುಗಳಿದ್ದರೆ ಅದು ಕುಟ್ಟೆ ಹುಳು. ಪುಡಿ ಗಸಗಸೆಯಂತೆ ಕಾಳುಕಾಳಾಗಿದ್ದು, ಭೂತಗನ್ನಡಿಯಲ್ಲಿ ಆರು ಮಗ್ಗುಲು ಕಂಡರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ನಾವು ಸಾಮಾನ್ಯವಾಗಿ ಗೋಡೆಯ ಮೇಲೆ ಮಣ್ಣಿನ ಗೆರೆಯಾಗಿ ನೋಡುವ ಗೆದ್ದಲಿಗೆ ನೆಲದ ತೇವದ ಸಂಪರ್ಕ ಬೇಕು. ಒಣಮರದ ಗೆದ್ದಲಿಗೆ ಅದು ಬೇಡ. ಕುರ್ಚಿಯ ಕಾಲಿನೊಳಗೇ ಸಂಸಾರ ಮಾಡಿಕೊಂಡು ನಿಮ್ಮ ಜೊತೆ ಮನೆಗೆ ಬರುತ್ತದೆ, ಆಮೇಲೆ ಬಾಗಿಲುವಾಡಕ್ಕೂ ಹೋಗಬಹುದು.

ತೂತು ಇದ್ದ ಮಾತ್ರಕ್ಕೆ ಹುಳು ಈಗಲೂ ಇದೆ ಎಂದಲ್ಲ. ತೂತು ಎಂದರೆ ಹುಳು ಹೊರಹೋದ ಬಾಗಿಲು. ಪುಡಿಯನ್ನೆಲ್ಲ ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ, ಕೆಲವು ವಾರ ಬಿಡಿ. ಹೊಸ ಪುಡಿ ಬಿದ್ದರೆ ಒಳಗೆ ಜೀವವಿದೆ. ಮಾರುವವರು ಇದಕ್ಕೆ ಕೊಡುವ ಪರಿಹಾರ ಸೀಮೆಎಣ್ಣೆ. ಮೇಲೆ ಬಳಿದ ಸೀಮೆಎಣ್ಣೆ ಆಳದಲ್ಲಿರುವ ಮರಿಹುಳುವನ್ನು ಮುಟ್ಟುವುದೇ ಅಪರೂಪ, ಮನೆಯಲ್ಲಿ ಬೆಂಕಿಯ ಅಪಾಯ ಮಾತ್ರ ಖಚಿತ. ಬಿಸಿಲಿಗಿಟ್ಟರೆ ಸಾಲದೇ? ಮರ ಶಾಖವನ್ನು ಒಳಗೆ ಬಿಡುವುದು ಬಲು ನಿಧಾನ. ಸರಕು ಸಾಗಣೆಯ ಮರದ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ ಕೇಳುವುದು ಮರದ ನಡುಭಾಗವೇ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಬೇಕೆಂದು. ಬೆಂಗಳೂರಿನ ತಾರಸಿಯ ಬಿಸಿಲು ಅಲ್ಲಿಗೆ ಮುಟ್ಟುವುದಿಲ್ಲ. ಬೋರೇಟ್ ದ್ರಾವಣ ಕೆಲಸ ಮಾಡುತ್ತದೆ, ಆದರೆ ಪಾಲಿಶ್ ತೆಗೆದ ಬರಿಮರಕ್ಕೆ ಮಾತ್ರ ಇಳಿಯುತ್ತದೆ. ಬಲವಾಗಿ ಹಿಡಿದಿದ್ದರೆ ಕೀಟ ನಿಯಂತ್ರಣದವರನ್ನು ಕರೆಯುವುದೇ ದಾರಿ.

ಮೆತ್ತೆ ಹೊದಿಸಿದ ಸೋಫಾ, ಬೆತ್ತದ ಕುರ್ಚಿಗಳಲ್ಲಿ ತಿಗಣೆ ಇನ್ನೊಂದು ಚಿಂತೆ. ರಕ್ತ ಸಿಗದಿದ್ದರೂ ಅದು ತಿಂಗಳುಗಟ್ಟಲೆ ಬದುಕುತ್ತದೆ. ‘ಗೋಡೌನಿನಲ್ಲಿ ಎರಡು ತಿಂಗಳಿಂದ ಹಾಗೇ ಇದೆ’ ಎಂಬುದು ಸಮಾಧಾನದ ಮಾತಲ್ಲ. ಹೊಲಿಗೆಯ ಸಂದು, ಬೆತ್ತ ಸೇರುವ ಗುಳಿಗಳಲ್ಲಿ ಕಪ್ಪು ಚುಕ್ಕೆಗಳಿವೆಯೇ ನೋಡಿ.

ಹಸಿರು ಬಣ್ಣದ ಕೆಳಗೆ

ಈಗ ಮತ್ತೆ ನಮ್ಮ ತೊಟ್ಟಿಲಿಗೆ ಬರೋಣ. ಬೀಟೆಯೋ ಹಲಸೋ ಎಂಬುದರಲ್ಲಿ ಮೋಸ ಹೋದರೆ ಹೋಗುವುದು ದುಡ್ಡು. ಬಣ್ಣದ ವಿಷಯ ಹಾಗಲ್ಲ.

ಬಣ್ಣ ಬೇಗ ಒಣಗಲಿ, ಹೊಳಪು ಉಳಿಯಲಿ, ಬಾಳಿಕೆ ಬರಲಿ ಎಂದು ಅದಕ್ಕೆ ಸೀಸದ ಸಂಯುಕ್ತಗಳನ್ನು ಬೆರೆಸುವುದು ಬಹಳ ಹಳೆಯ ಪದ್ಧತಿ. ಎಣ್ಣೆ ಆಧಾರಿತ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು, ಹಸಿರುಗಳಲ್ಲಿ ಇದು ಹೆಚ್ಚು. ಭಾರತದಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ಹೊರಟಿದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅಂದರೆ ನಮ್ಮಲ್ಲಿ ಸೀಸದ ಬಣ್ಣ ಅಜ್ಜನ ಕಾಲದ ಸಂಗತಿಯಲ್ಲ. 2010ರಲ್ಲಿ ಬಳಿದ ಬಣ್ಣದಲ್ಲೂ ಸೀಸ ಇರಬಹುದು.

ಮಕ್ಕಳ ದೇಹಕ್ಕೆ ಸುರಕ್ಷಿತ ಎನ್ನಬಹುದಾದ ಸೀಸದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗಿಂತ ಮಕ್ಕಳ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ, ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಹಿಂದಿರುಗುವುದಿಲ್ಲ. ಕಲಿಕೆ, ಗಮನ, ನಡವಳಿಕೆಗಳ ಮೇಲೆ ಪರಿಣಾಮವಾದರೂ ಮೈಮೇಲೆ ಯಾವ ಗುರುತೂ ಕಾಣದಿರಬಹುದು. ಹಲ್ಲು ಹುಟ್ಟುವ ಮಗು ಏನು ಮಾಡುತ್ತದೆ? ಎದ್ದು ನಿಂತು ತೊಟ್ಟಿಲಿನ ಅಂಚನ್ನು ಕಚ್ಚುತ್ತದೆ. ಸೀಸದ ವಿಷದ ಬಗ್ಗೆ ದೇಶದಲ್ಲಿ ಎಚ್ಚರ ಮೂಡಿಸಿದ ಕೆಲಸದ ಒಂದು ಕೇಂದ್ರ ನಮ್ಮ ಬೆಂಗಳೂರೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಇದಕ್ಕಾಗಿಯೇ ಹೆಸರಾದವರು. ಆದರೂ ಹಳೆಯ ಸಾಮಾನಿನ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾವು ಕೇಳಿದಾಗ ಅಂಗಡಿಯವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

‘ಹಾಗಾದ್ರೆ ಉಜ್ಜಿ ತೆಗೆಸಿ ಕೊಡ್ತೀನಿ’ ಎಂದರು ಅವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಅದು ಇನ್ನೂ ಅಪಾಯ. ಹಳೆಯ ಬಣ್ಣವನ್ನು ಒಣ ಮರಳುಕಾಗದದಲ್ಲಿ ಉಜ್ಜಿದರೆ ಸೀಸ ಧೂಳಾಗಿ ಗಾಳಿಗೆ ಸೇರುತ್ತದೆ, ಬ್ಲೋ ಲ್ಯಾಂಪ್‌ನಿಂದ ಸುಟ್ಟರೆ ಹೊಗೆಯಾಗುತ್ತದೆ. ಮೊದಲು ಅದನ್ನು ಉಸಿರಾಡುವವರು ಆ ಕೆಲಸ ಮಾಡುವ ಹುಡುಗರು, ಆಮೇಲೆ ಅವರ ಬಟ್ಟೆಗಂಟಿದ ಧೂಳಿನಿಂದ ಅವರ ಮನೆಯ ಮಕ್ಕಳು. ಬಣ್ಣದಲ್ಲಿ ಸೀಸ ಇದೆಯೇ ಎಂದು ಎಕ್ಸ್‌ಆರ್‌ಎಫ್ ಯಂತ್ರ ಅಥವಾ ಪ್ರಯೋಗಾಲಯದ ಪರೀಕ್ಷೆಯಿಂದ ಸರಿಯಾಗಿ ತಿಳಿಯುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಬಣ್ಣ ಬದಲಾಗುವ ಕಡ್ಡಿಗಳನ್ನು ಪೂರ್ತಿ ನಂಬಲಾಗದು. ಇಂಥ ತೊಟ್ಟಿಲು ಈಗಾಗಲೇ ಮನೆಯಲ್ಲಿದ್ದು ಮಗು ಅದನ್ನು ಕಚ್ಚಿದ್ದರೆ, ಮಕ್ಕಳ ವೈದ್ಯರಿಗೆ ಹೇಳಿ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಬಹುದು.

‘ಇದು ಹಳೇ ಪದ್ಧತಿಯ ನೈಸರ್ಗಿಕ ಬಣ್ಣ, ಏನೂ ಆಗಲ್ಲ’ ಎಂಬ ಮಾತೂ ಕೇಳಿಬರುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರದ ತೊಟ್ಟಿಲುಗಳು ನಮ್ಮ ನಾಡಿನ ಹೆಮ್ಮೆ, ಅವುಗಳ ಬಗ್ಗೆ ನಮಗೆ ಯಾವ ದೂರೂ ಇಲ್ಲ. ಆದರೆ ನೈಸರ್ಗಿಕ ಎಂಬ ಪದವೇ ಭರವಸೆಯಲ್ಲ. ಹಿಂದಿನ ಚಿತ್ರಕಾರರು ಬಳಸುತ್ತಿದ್ದ ಖನಿಜ ಬಣ್ಣಗಳಲ್ಲಿ ಹರಿದಾಳ ಆರ್ಸೆನಿಕ್‌ನದು, ಇಂಗಲೀಕ ಪಾದರಸದ್ದು, ಕೆಂಪು ಸಿಂಧೂರ ಸೀಸದ್ದೇ.

ಮಗುವಿನ ವಿಷಯ ಬಂದದ್ದರಿಂದ ಇನ್ನೆರಡು ಮಾತು. ತೊಟ್ಟಿಲಿನ ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು, ಮೀರಿದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಳೆಯವುಗಳಲ್ಲಿ ಈ ಲೆಕ್ಕ ಇರುವುದಿಲ್ಲ. ನುಸಿಗುಳಿಗೆಯ ವಾಸನೆ ಹೊಡೆಯುವ ಹಳೆಯ ಬೀರುವಿನಲ್ಲಿ ಹಸುಗೂಸಿನ ಬಟ್ಟೆ ಇಡಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಕೊರತೆ ಇದೆಯೆಂದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಕಾನೂನಿನ ಕಡೆಯಿಂದ

ವಸ್ತು ನಿಜವಾಗಿಯೂ ಹಳೆಯದಾದರೆ ಬೇರೆ ತೊಡಕು ಶುರು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಕರಕುಶಲ ಅಥವಾ ಕಲಾ ಮಹತ್ವದ, 100 ವರ್ಷ ದಾಟಿದ ವಸ್ತುಗಳು ಪುರಾವಸ್ತುಗಳು. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಹಾಗಾಗಿ ‘ನೂರಿಪ್ಪತ್ತು ವರ್ಷ’ ಎಂದು ಎದೆ ತಟ್ಟಿ ಹೇಳುವವರನ್ನು ‘ರಸೀದಿಯಲ್ಲಿ ಬರೆದುಕೊಡಿ’ ಎಂದು ಕೇಳಿ ನೋಡಿ. ವಯಸ್ಸು ಇದ್ದಕ್ಕಿದ್ದಂತೆ ಇಳಿಯಬಹುದು. ವಿದೇಶದಲ್ಲಿರುವ ನಮ್ಮವರು ಬೀಟೆಯ ಕುರ್ಚಿ ಸಾಗಿಸುವುದಾದರೆ ಇನ್ನೊಂದು ವಿಷಯ: ಬೀಟೆ ಸೇರಿದ ಇಡೀ ಡಾಲ್ಬರ್ಜಿಯಾ ಕುಲ 2017ರ ಜನವರಿಯಿಂದ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಒಂದು ಸಾಗಣೆಯಲ್ಲಿ ಆ ಮರದ ತೂಕ 10 ಕಿಲೋ ದಾಟಿದರೆ ಸಿದ್ಧ ಪೀಠೋಪಕರಣಕ್ಕೂ ದಾಖಲೆ ಬೇಕು.

ಗೋಡೆಗೆ ಹಾಕುವ ಜಿಂಕೆಯ ಕೊಂಬು, ದಂತದ ಕೆತ್ತನೆ ಕೂರಿಸಿದ ಪೆಟ್ಟಿಗೆಗಳನ್ನು ಮುಟ್ಟಲೇಬೇಡಿ. ‘ಅಜ್ಜನ ಕಾಲದ್ದು’ ಎಂಬ ಸಮಜಾಯಿಷಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ನಡೆಯುವುದಿಲ್ಲ. 2023ರಲ್ಲಿ ಹುಲಿಯುಗುರಿನ ಪದಕದ ಪ್ರಕರಣಗಳು ರಾಜ್ಯದಲ್ಲಿ ಎಷ್ಟು ಸದ್ದು ಮಾಡಿದವು ಎಂಬುದು ನೆನಪಿರಬಹುದು.

ತೊಟ್ಟಿಲನ್ನು ನಾವು ಕೊಳ್ಳಲಿಲ್ಲ. ಮಗುವಿಗೆ ಬಣ್ಣವಿಲ್ಲದ ಮರದಲ್ಲಿ ಹೊಸದೊಂದನ್ನು ಪರಿಚಯದ ಬಡಗಿಯೊಬ್ಬರು ಮಾಡಿಕೊಟ್ಟರು. ಆದರೆ ಅದೇ ಅಂಗಡಿಯ ಮೂಲೆಯಲ್ಲಿ ‘ಬೀಟೆ’ಯ ಆರಾಮ ಕುರ್ಚಿಯೊಂದಿತ್ತು. ತಳ ಹಳದಿ ಕಂದು, ಪುಡಿ ಇಲ್ಲ, ಕೀಲುಗಳು ಬಿಗಿ, ಕೈಗಳ ಮುಂಭಾಗ ಚೆನ್ನಾಗಿ ಸವೆದಿತ್ತು. ‘ಹಲಸು ಅಲ್ವಾ ಇದು?’ ಎಂದೆವು. ಅಂಗಡಿಯವರು ನಕ್ಕರು. ಹಲಸಿನ ಬೆಲೆಗೇ ಕೊಟ್ಟರು.